ಜ್ವರದ ಎಂಟನೇ ದಿನದ ರಿಪೋರ್ಟು

ಕಳೆದ ಮಳೆಗಾಲದಲ್ಲಿ ಒಂದು ಮಂಗಳವಾರ ದಾವಣಗೆರೆಯಿಂದ ದೊಡ್ಡಮ್ಮ ಫೋನ್ ಮಾಡಿದ್ದರು. ಮಗಳ ಮಗ, ಎರಡೂವರೆ ವರ್ಷದ ಪುಟ್ಟನಿಗೆ ವಾರ ಕಳೆದರೂ ಜ್ವರ ಬಿಟ್ಟಿರಲಿಲ್ಲ. ಬೀದಿಗೆ ಎರಡು ಮನೆಯಲ್ಲಿ ಡೆಂಗಿ ಮಲಗಿದ್ದ ಕಾಲ ಅದು. ಆದರೂ ದೊಡ್ಡಮ್ಮನ ದನಿ ಹಗುರವಾಗಿತ್ತು. "ಇವತ್ತಿನ ರಿಪೋರ್ಟ್ ಬಂತು ನೋಡಪ್ಪ. ಪ್ಲೇಟ್ಲೆಟ್ ಆರು ಲಕ್ಷ ಐತಂತೆ! ಡೆಂಗಿ ಅಲ್ಲ ಬಿಡು, ಇನ್ನ ಹೆದ್ರಿಕಿ ಇಲ್ಲ." ಜೊತೆಗೆ ಇನ್ನೊಂದು ಸಂತೋಷದ ಸುದ್ದಿಯನ್ನೂ ಸೇರಿಸಿದರು: ಗುರುವಾರ 96 ಇದ್ದ ಸಿಆರ್‌ಪಿ ಈಗ 11ಕ್ಕೆ ಇಳಿದಿದೆ.

ಅಂಕಿಗಳೆಲ್ಲ ಸರಿಯಾಗಿದ್ದವು, ಓದಿದ್ದು ತಪ್ಪಾಗಿತ್ತು. ಗುರುವಾರ ರಕ್ತ ಕೊಟ್ಟ ಲ್ಯಾಬು ಸಿಆರ್‌ಪಿಯನ್ನು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆದಿತ್ತು. ಮಂಗಳವಾರದ ಲ್ಯಾಬು ಬೇರೆ, ಅದು ಬರೆದದ್ದು ಡೆಸಿಲೀಟರಿಗೆ ಇಷ್ಟು ಎಂದು. ಒಂದು ಲೀಟರಿಗೆ ಹತ್ತು ಡೆಸಿಲೀಟರ್. ಆ 11.2ನ್ನು ಹತ್ತರಿಂದ ಗುಣಿಸಿದರೆ 112. ಸಿಆರ್‌ಪಿ ಇಳಿದಿರಲಿಲ್ಲ, ಏರಿತ್ತು. ಇನ್ನು ಆರು ಲಕ್ಷ ಪ್ಲೇಟ್‌ಲೆಟ್ ನೋಡಿ ನಿರಾಳವಾದದ್ದೂ ಅವಸರವೇ. ಅದು ಡೆಂಗಿಯ ಗುರುತಲ್ಲ ನಿಜ. ಬೇರೊಂದು ಕಾಯಿಲೆಯ ಗುರುತಾಗಿತ್ತು.

ಅದೇ ದಿನ ಮಧ್ಯಾಹ್ನ ಇನ್ನೊಬ್ಬ ಮಕ್ಕಳ ವೈದ್ಯರು ಎಲ್ಲ ಕಾಗದಗಳನ್ನೂ ಮೇಜಿನ ಮೇಲೆ ಹರಡಿಕೊಂಡು ಮೊದಲು ಕೇಳಿದ್ದು ಅಂಕಿಯನ್ನಲ್ಲ, ವಾರವನ್ನು. "ಜ್ವರ ಶುರುವಾದದ್ದು ಯಾವತ್ತು? ಲೆಕ್ಕ ಹಾಕಿ ಹೇಳಿ." "ಹೋದ ಮಂಗಳವಾರ ಸಂಜೆ ಸರ್." ಅವರು ಪೆನ್ನು ತೆಗೆದು ಒಂದು ರಿಪೋರ್ಟಿನ ಮೂಲೆಯಲ್ಲಿ 'ದಿನ 3' ಎಂದೂ ಇನ್ನೊಂದರ ಮೇಲೆ 'ದಿನ 8' ಎಂದೂ ಬರೆದರು. ಆಮೇಲೆ ಮಗುವಿನ ಬೆರಳ ತುದಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಕಣ್ಣು ಕೆಂಪಾಗಿತ್ತೇ ಎಂದು ಕೇಳಿದರು. ಈಗಿಲ್ಲ, ನಾಲ್ಕನೇ ದಿನ ಇತ್ತು ಎಂದು ತಾಯಿ ಮೊಬೈಲಿನಲ್ಲಿದ್ದ ಫೋಟೋ ತೋರಿಸಿದಳು. ಸಂಜೆಯೊಳಗೆ ಹೃದಯದ ಎಕೋ ಆಯಿತು, ರಾತ್ರಿ ಚಿಕಿತ್ಸೆ ಶುರುವಾಯಿತು. ಕಾಯಿಲೆಯ ಹೆಸರು ಕವಾಸಾಕಿ.

ಈ ಲೇಖನ ಆ ಮೂಲೆಯಲ್ಲಿ ಬರೆದ ಎರಡು ಅಂಕಿಗಳ ಬಗ್ಗೆ. ಕವಾಸಾಕಿಯಂಥ ಮಕ್ಕಳ ರಕ್ತನಾಳದ ಉರಿಯೂತದಲ್ಲಿ ಲ್ಯಾಬ್ ರಿಪೋರ್ಟಿಗೆ ಅರ್ಥ ಬರುವುದು ಅದರ ತಲೆಯ ಮೇಲೆ ಜ್ವರದ ದಿನ ಬರೆದಾಗ.

ಪರೀಕ್ಷೆಯೇ ಇಲ್ಲದ ಕಾಯಿಲೆ

1961ರ ಜನವರಿಯಲ್ಲಿ ಟೋಕಿಯೊದ ರೆಡ್‌ಕ್ರಾಸ್ ಆಸ್ಪತ್ರೆಯಲ್ಲಿ ತೊಮಿಸಾಕು ಕವಾಸಾಕಿ ಎಂಬ ಮಕ್ಕಳ ವೈದ್ಯರು ನಾಲ್ಕು ವರ್ಷದ ಹುಡುಗನೊಬ್ಬನನ್ನು ನೋಡಿದರು. ಬಿಡದ ಜ್ವರ, ಕೆಂಪು ಕಣ್ಣು, ಒಡೆದ ತುಟಿ, ಮೈಮೇಲೆ ಗಂಧೆ, ಊದಿದ ಕೈಕಾಲು. ತಿಳಿದ ಯಾವ ಕಾಯಿಲೆಗೂ ಅದು ಹೊಂದಲಿಲ್ಲ. ಅಂಥವೇ ಮಕ್ಕಳು ಮತ್ತೆ ಬಂದಾಗ ಒಂದೊಂದನ್ನೂ ಬರೆದಿಡುತ್ತಾ ಹೋಗಿ, 1967ರಲ್ಲಿ 50 ಮಕ್ಕಳ ವಿವರವನ್ನು ಜಪಾನಿ ಭಾಷೆಯಲ್ಲಿ ಪ್ರಕಟಿಸಿದರು. ಇಂಗ್ಲಿಷಿನಲ್ಲಿ ಅದು ಬಂದದ್ದು 1974ರಲ್ಲಿ. ಮೊದಮೊದಲು ಇದು ತಾನಾಗಿ ವಾಸಿಯಾಗುವ ನಿರುಪದ್ರವಿ ಜ್ವರ ಎಂದೇ ಭಾವಿಸಿದ್ದರು. ಚೇತರಿಸಿಕೊಂಡಂತೆ ಕಂಡ ಕೆಲವು ಮಕ್ಕಳು ಹಠಾತ್ತನೆ ತೀರಿಕೊಂಡಾಗ ಗೊತ್ತಾಯಿತು, ಹೃದಯಕ್ಕೇ ರಕ್ತ ಒದಗಿಸುವ ಕರೋನರಿ ನಾಳಗಳು ಊದಿ ಬಲೂನಿನಂತಾಗುತ್ತವೆ ಎಂದು. ಕವಾಸಾಕಿ 2020ರ ಜೂನಿನಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೂ ಈ ಕಾಯಿಲೆಯ ಕಾರಣ ಸಿಕ್ಕಿರಲಿಲ್ಲ. ಇದೇ ಎಂದು ಸಾರುವ ಒಂದೇ ಒಂದು ರಕ್ತ ಪರೀಕ್ಷೆ ಇಂದಿಗೂ ಇಲ್ಲ.

ಆದ್ದರಿಂದ ಮೊದಲ ಪರೀಕ್ಷೆ ಕಣ್ಣಿನದೇ. ಐದು ದಿನ ಅಥವಾ ಹೆಚ್ಚು ಜ್ವರ. ಜೊತೆಗೆ ಐದು ಲಕ್ಷಣಗಳಲ್ಲಿ ನಾಲ್ಕು. ಪಿಸುರಿಲ್ಲದೆ ಎರಡೂ ಕಣ್ಣು ಕೆಂಪಾಗುವುದು. ತುಟಿ ಕೆಂಪಾಗಿ ಬಿರಿದು, ನಾಲಿಗೆ ಸ್ಟ್ರಾಬೆರಿಯಂತೆ ಕಾಣುವುದು. ಮೈಮೇಲೆ ಕೆಂಪು ಗಂಧೆ. ಅಂಗೈ ಅಂಗಾಲು ಕೆಂಪಾಗಿ ಊದುವುದು. ಕತ್ತಿನಲ್ಲಿ, ಸಾಮಾನ್ಯವಾಗಿ ಒಂದೇ ಕಡೆ, ಒಂದೂವರೆ ಸೆಂಟಿಮೀಟರಿಗಿಂತ ದೊಡ್ಡ ಗಡ್ಡೆ. ನಮ್ಮ ಮಕ್ಕಳಿಗೆ ಹುಟ್ಟಿದಾಗಲೇ ಬಿಸಿಜಿ ಹಾಕುವುದರಿಂದ ಇನ್ನೊಂದು ಗುರುತೂ ಸಿಗುತ್ತದೆ: ಎಡತೋಳಿನ ಆ ಹಳೆಯ ಕಲೆ ಇದ್ದಕ್ಕಿದ್ದಂತೆ ಕೆಂಪಾಗಿ ಗಟ್ಟಿಯಾಗುವುದು. ಉಗುರಿನ ಬುಡದಿಂದ ಚರ್ಮ ಸುಲಿಯುವುದು ಎಲ್ಲರಿಗೂ ನೆನಪಿರುವ ಲಕ್ಷಣ, ಆದರೆ ಅದು ಬರುವುದೇ ಎರಡು–ಮೂರನೇ ವಾರದಲ್ಲಿ. ಅದಕ್ಕಾಗಿ ಕಾಯುತ್ತಾ ಕೂತರೆ ಕೆಲಸ ಕೆಟ್ಟಿತು.

ತೊಂದರೆ ಏನೆಂದರೆ ಈ ಲಕ್ಷಣಗಳು ಒಟ್ಟಿಗೆ ಬಂದು ಸಾಲಾಗಿ ನಿಲ್ಲುವುದಿಲ್ಲ. ಇವತ್ತು ಗಂಧೆ, ನಾಡಿದ್ದು ಕಣ್ಣು. ಗಂಧೆ ಅಷ್ಟರಲ್ಲಿ ಮಾಯ. ಒಂದು ವರ್ಷದೊಳಗಿನ ಕೂಸುಗಳಲ್ಲಿ, ಅದರಲ್ಲೂ ಆರು ತಿಂಗಳೊಳಗಿನವರಲ್ಲಿ ಎರಡೋ ಮೂರೋ ಲಕ್ಷಣ ಕಂಡರೆ ಹೆಚ್ಚು. ಕೆಲವೊಮ್ಮೆ ಬರೀ ಜ್ವರ, ಸಮಾಧಾನವೇ ಆಗದ ಅಳು. ಕರೋನರಿ ನಾಳ ಊದುವ ಅಪಾಯ ಹೆಚ್ಚಿರುವುದೂ ಆ ಕೂಸುಗಳಿಗೇ. ರಕ್ತ ಪರೀಕ್ಷೆಗೆ ನಿಜವಾದ ಕೆಲಸ ಬೀಳುವುದು ಇಲ್ಲಿ, ಚಿತ್ರ ಅರ್ಧ ಮಾತ್ರ ಕಂಡಾಗ. ಲಕ್ಷಣಗಳೆಲ್ಲ ತುಂಬಿ ಕಂಡ ಮಗುವಿಗೆ ಲ್ಯಾಬಿನ ಅಪ್ಪಣೆ ಬೇಕಿಲ್ಲ.

ಮೊದಲು ಏರುವ ಎರಡು

ಉರಿಯೂತ ಶುರುವಾಗಿ ಆರೇಳು ಗಂಟೆಯೊಳಗೆ ಯಕೃತ್ತು ಸಿಆರ್‌ಪಿ ಎಂಬ ಪ್ರೋಟೀನನ್ನು ರಕ್ತಕ್ಕೆ ಸುರಿಯತೊಡಗುತ್ತದೆ. 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಪತ್ತೆಯಾದ ವಸ್ತು ಇದು. ಬೆಂಕಿ ಇದೆ ಎನ್ನುತ್ತದೆ, ಯಾವ ಕೋಣೆಯಲ್ಲಿ ಎಂದು ಹೇಳುವುದಿಲ್ಲ. ಟಾನ್ಸಿಲ್ ಕೀವಾದರೂ ಏರುತ್ತದೆ, ಮೂತ್ರದ ಸೋಂಕಾದರೂ ಏರುತ್ತದೆ, ಅಡಿನೊ ಎಂಬ ವೈರಸ್ಸಿನಲ್ಲೂ ಏರುತ್ತದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ಅರ್ಧಂಬರ್ಧ ಲಕ್ಷಣವಿರುವ ಮಗುವಿನಲ್ಲಿ ಮುಂದುವರಿದು ಹುಡುಕಬೇಕಾದ ಗಡಿ ಡೆಸಿಲೀಟರಿಗೆ 3 ಮಿಲಿಗ್ರಾಂ, ಅಂದರೆ ಲೀಟರಿಗೆ 30. ರಿಪೋರ್ಟಿನಲ್ಲಿ ಅಂಕಿಯ ಪಕ್ಕದಲ್ಲಿ ಸಣ್ಣಕ್ಷರದಲ್ಲಿರುವ ಅಳತೆಯನ್ನು ಓದದೆ ಈ ಗಡಿಯನ್ನು ನೋಡಬೇಡಿ. ಸಾಧ್ಯವಾದರೆ ಒಂದೇ ಲ್ಯಾಬಿನಲ್ಲಿ ಮಾಡಿಸಿ.

ಇಎಸ್‌ಆರ್ ಇನ್ನೂ ಹಳೆಯ ಕಾಲದ್ದು, ನೋಡಲೂ ಚೆಂದ. ಸಿಟ್ರೇಟ್ ಬೆರೆಸಿದ ರಕ್ತವನ್ನು ಸಪೂರ ಗಾಜಿನ ಕೊಳವೆಗೆ ಏರಿಸಿ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸುತ್ತಾರೆ. ಒಂದು ಗಂಟೆ ಯಾರೂ ಮುಟ್ಟುವಂತಿಲ್ಲ. ಕೆಂಪು ಕಣಗಳು ಮೆಲ್ಲಗೆ ಕೆಳಗಿಳಿದು ಮೇಲೆ ಒಣಹುಲ್ಲಿನ ಬಣ್ಣದ ನೀರು ಉಳಿಯುತ್ತದೆ. ಆ ನೀರಿನ ಎತ್ತರ ಎಷ್ಟು ಮಿಲಿಮೀಟರೋ ಅದೇ ಇಎಸ್‌ಆರ್. ಉರಿಯೂತವಿದ್ದಾಗ ರಕ್ತದಲ್ಲಿ ಫೈಬ್ರಿನೋಜನ್ ಹೆಚ್ಚುತ್ತದೆ, ಅದರ ಅಂಟಿಗೆ ಕಣಗಳು ಒಂದರ ಮೇಲೊಂದು ನಾಣ್ಯ ಪೇರಿಸಿದಂತೆ ಸೇರಿಕೊಂಡು ಭಾರವಾಗಿ ಬೇಗ ಇಳಿಯುತ್ತವೆ. ಇಲ್ಲಿ ಗಡಿ ಗಂಟೆಗೆ 40. ರಕ್ತಹೀನತೆ ಇದ್ದರೂ ಇಎಸ್‌ಆರ್ ಏರುತ್ತದೆ, ನಮ್ಮ ಕಡೆಯ ಮಕ್ಕಳಲ್ಲಿ ರಕ್ತಹೀನತೆ ಅಪರೂಪವಲ್ಲ. ಒಬ್ಬನೇ ಸಾಕ್ಷಿಯನ್ನು ನಂಬಿ ತೀರ್ಪು ಕೊಡಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಮಾತನ್ನು ಮನೆಯವರು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಕವಾಸಾಕಿಗೆ ಕೊಡುವ ಮುಖ್ಯ ಔಷಧ ಐವಿಐಜಿ, ಅಂದರೆ ರಕ್ತದಾನಿಗಳ ಪ್ಲಾಸ್ಮಾದಿಂದ ತೆಗೆದ ಇಮ್ಯುನೊಗ್ಲೋಬ್ಯುಲಿನ್. ಅದನ್ನು ಹಾಕಿದ ಮೇಲೆ ಆ ಪ್ರೋಟೀನಿನ ದೆಸೆಯಿಂದಲೇ ಇಎಸ್‌ಆರ್ ಏರಿ ಕೂರುತ್ತದೆ. ಮಗು ಆಡುತ್ತಿದೆ, ಜ್ವರ ಬಿಟ್ಟಿದೆ, ಇಎಸ್‌ಆರ್ ಮಾತ್ರ 90. ಗಾಬರಿ ಬೇಡ. ಚಿಕಿತ್ಸೆಯ ನಂತರ ವೈದ್ಯರು ನೋಡುವುದು ಸಿಆರ್‌ಪಿಯನ್ನು, ಅದಕ್ಕಿಂತ ಮೊದಲು ಥರ್ಮಾಮೀಟರನ್ನು.

ತಡವಾಗಿ ಬರುವ ಪ್ಲೇಟ್‌ಲೆಟ್

ನಮ್ಮಲ್ಲಿ ಜ್ವರ ಎಂದರೆ ಪ್ಲೇಟ್‌ಲೆಟ್ ಎಷ್ಟು ಎಂದು ಕೇಳುವುದು ರೂಢಿಯಾಗಿದೆ. ಡೆಂಗಿ ಕಲಿಸಿದ ಪಾಠ ಅದು. ಇಳಿದರೆ ಭಯ, ಏರಿದರೆ ಪೇಡೆ. ಕವಾಸಾಕಿಯಲ್ಲಿ ಈ ಪಾಠ ತಲೆಕೆಳಗು. ಉರಿಯೂತದ ಸುದ್ದಿ ಮುಟ್ಟಿದಾಗ ಯಕೃತ್ತು ಹೊರಡಿಸುವ ಒಂದು ಹಾರ್ಮೋನು ಮೂಳೆಮಜ್ಜೆಗೆ ಪ್ಲೇಟ್‌ಲೆಟ್ ಹೆಚ್ಚಿಸು ಎಂದು ಹೇಳುತ್ತದೆ. ಮಜ್ಜೆ ಹೊಸ ಫಸಲು ಕೊಡಲು ಕೆಲವು ದಿನ ಬೇಕು. ಆದ್ದರಿಂದ ಮೊದಲ ವಾರ ಪ್ಲೇಟ್‌ಲೆಟ್ ಮಾಮೂಲಾಗಿಯೇ ಇರುತ್ತದೆ. ಏಳನೇ ದಿನದ ನಂತರ 4.5 ಲಕ್ಷ ದಾಟಿದರೆ ಅದು ಗುರುತು. ಮೂರನೇ ವಾರದಲ್ಲಿ ಶಿಖರ, ಕೆಲವರಲ್ಲಿ ಹತ್ತು ಲಕ್ಷವನ್ನೂ ಮೀರುತ್ತದೆ. ಆಮೇಲೆ ವಾರಗಳಲ್ಲಿ ತಾನಾಗಿ ಇಳಿಯುತ್ತದೆ.

ಮೂರನೇ ದಿನ ಪ್ಲೇಟ್‌ಲೆಟ್ ಮಾಮೂಲಿದ್ದರೆ ಕವಾಸಾಕಿ ಇಲ್ಲ ಎಂದಲ್ಲ. ಪ್ಲೇಟ್‌ಲೆಟ್ ಹೆಚ್ಚಿರುವ ಮಕ್ಕಳಿಗೆಲ್ಲ ಕವಾಸಾಕಿ ಎಂದೂ ಅಲ್ಲ. ಕಬ್ಬಿಣದ ಕೊರತೆಯಲ್ಲೂ, ಸಾಮಾನ್ಯ ಸೋಂಕು ವಾಸಿಯಾಗುವಾಗಲೂ ಐದಾರು ಲಕ್ಷ ಆಗುವುದುಂಟು. ಜ್ವರವಿಲ್ಲದೆ ಆಡಿಕೊಂಡಿರುವ ಮಗುವಿನ ರಿಪೋರ್ಟಿನಲ್ಲಿ ಐದು ಲಕ್ಷ ಕಂಡು ರಾತ್ರಿ ನಿದ್ದೆಗೆಡಬೇಕಾಗಿಲ್ಲ.

ಅಪರೂಪಕ್ಕೆ ಕವಾಸಾಕಿಯಲ್ಲೂ ಪ್ಲೇಟ್‌ಲೆಟ್ ಕುಸಿಯುತ್ತದೆ. ಅದು ಒಳ್ಳೆಯ ಸೂಚನೆಯಲ್ಲ. ರೋಗನಿರೋಧಕ ವ್ಯವಸ್ಥೆ ಲಗಾಮು ಕಿತ್ತುಕೊಂಡು ಓಡುವ ಸ್ಥಿತಿಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ, ಫೈಬ್ರಿನೋಜನ್ ಖರ್ಚಾಗಿ ಇಎಸ್‌ಆರ್ ಕೂಡ ಇಳಿಯುತ್ತದೆ, ಫೆರಿಟಿನ್ ಮಾತ್ರ ಸಾವಿರಗಳಲ್ಲಿ ಏರುತ್ತದೆ. ಮಗು ಮಂಕಾಗುತ್ತಿರುವಾಗ ಇಎಸ್‌ಆರ್ ಇಳಿದದ್ದನ್ನು ಸುಧಾರಣೆ ಎಂದುಕೊಂಡರೆ ಮೋಸ ಹೋದಂತೆ. ವೈದ್ಯರು ಫೆರಿಟಿನ್ ಬರೆದುಕೊಟ್ಟರೆ "ಅದು ಕಬ್ಬಿಣದ ಟೆಸ್ಟಲ್ವಾ, ಈಗ್ಯಾಕೆ?" ಎಂದು ಬಿಡಬೇಡಿ.

ಉಳಿದ ಸಾಕ್ಷಿಗಳು

ಅದೇ ಮಾರ್ಗಸೂಚಿ ಅರ್ಧ ಲಕ್ಷಣದ ಮಗುವಿಗೆ ಆರು ಅಂಶ ನೋಡಿ ಎನ್ನುತ್ತದೆ: ವಯಸ್ಸಿಗೆ ಇರಬೇಕಾದ್ದಕ್ಕಿಂತ ಕಡಿಮೆ ಹಿಮೊಗ್ಲೋಬಿನ್, ಏಳನೇ ದಿನದ ನಂತರದ ಹೆಚ್ಚು ಪ್ಲೇಟ್‌ಲೆಟ್, 3 ಅಥವಾ ಅದಕ್ಕಿಂತ ಕಡಿಮೆ ಆಲ್ಬುಮಿನ್, ಏರಿದ ಎಎಲ್‌ಟಿ (ನಮ್ಮ ಲ್ಯಾಬುಗಳು ಎಸ್‌ಜಿಪಿಟಿ ಎಂದು ಅಚ್ಚು ಹಾಕುವುದು ಇದನ್ನೇ), 15,000 ಅಥವಾ ಹೆಚ್ಚು ಬಿಳಿ ರಕ್ತಕಣ, ಮೂತ್ರದಲ್ಲಿ ಹತ್ತಕ್ಕಿಂತ ಕಡಿಮೆಯಿಲ್ಲದ ಪಸ್ ಸೆಲ್. ಸಿಆರ್‌ಪಿ ಅಥವಾ ಇಎಸ್‌ಆರ್ ಗಡಿ ದಾಟಿದ್ದು, ಈ ಆರರಲ್ಲಿ ಮೂರು ಸೇರಿದರೆ, ಇಲ್ಲವೇ ಎಕೋದಲ್ಲಿ ಕರೋನರಿ ಬದಲಾವಣೆ ಕಂಡರೆ ಚಿಕಿತ್ಸೆ. ಎರಡೂ ಗಡಿ ದಾಟಿರದಿದ್ದರೆ ಮಗುವನ್ನು ಮತ್ತೆ ಮತ್ತೆ ಪರೀಕ್ಷಿಸುವುದು; ಜ್ವರ ಮುಂದುವರಿದರೆ ರಕ್ತವನ್ನೂ ಮತ್ತೆ ನೋಡುವುದು.

ಆಲ್ಬುಮಿನ್ ಯಾಕೆ ಇಳಿಯುತ್ತದೆ? ಉರಿದ ರಕ್ತನಾಳದ ಗೋಡೆ ಸೋರುತ್ತದೆ. ಹೊಸ ಮಡಕೆಯಂತೆ ನೀರು ಜಿನುಗಿ, ಜೊತೆಗೆ ಪ್ರೋಟೀನೂ ಹೊರಹೋಗುತ್ತದೆ. ಅಂಗೈ ಅಂಗಾಲು ಊದುವುದಕ್ಕೂ ಇದೇ ಕಾರಣ. ಹಾಗಾಗಿ ಈ ಪಟ್ಟಿಯಲ್ಲಿ ಹೆಚ್ಚು ಗಮನ ಕೊಡಬೇಕಾದ ಅಂಕಿ ಆಲ್ಬುಮಿನ್ ಎಂಬುದು ನನ್ನ ಅನಿಸಿಕೆ. ಮಾಮೂಲಿ ಜ್ವರದ ಪ್ಯಾಕೇಜಿನಲ್ಲಿ ಅದು ಇರುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಟೈಫಾಯಿಡ್ ಹುಡುಕುವ ವಿಡಾಲ್ ಮಾತ್ರ ತಪ್ಪದೆ ಇರುತ್ತದೆ! ಅದು ಮಸುಕಾಗಿ ಪಾಸಿಟಿವ್ ಬಂದು ಟೈಫಾಯಿಡ್ ಔಷಧದಲ್ಲಿ ನಾಲ್ಕು ದಿನ ಕಳೆದುಹೋದರೆ, ಕವಾಸಾಕಿಯಲ್ಲಿ ಆ ನಾಲ್ಕು ದಿನಕ್ಕೆ ಬೆಲೆ ಕಟ್ಟಲಾಗದು.

ಮೂತ್ರದ ಪಸ್ ಸೆಲ್ ಇನ್ನೊಂದು ಮೋಸದ ಜಾಗ. ಜ್ವರವಿರುವ ಮಗುವಿನ ಮೂತ್ರದಲ್ಲಿ ಪಸ್ ಸೆಲ್ ಕಂಡರೆ ಸೋಂಕು ಎಂದು ಆಂಟಿಬಯೋಟಿಕ್ ಶುರುವಾಗುತ್ತದೆ. ಅದು ತಪ್ಪೇನಲ್ಲ. ಆದರೆ ಎರಡು ದಿನದ ಮೇಲೆ ಕಲ್ಚರ್ ರಿಪೋರ್ಟಿನಲ್ಲಿ ಯಾವ ಬ್ಯಾಕ್ಟೀರಿಯವೂ ಬೆಳೆದಿಲ್ಲ, ಜ್ವರವೂ ಕದಲಿಲ್ಲ ಎಂದಾದರೆ ಮತ್ತೆ ಯೋಚಿಸಬೇಕು. ಕಲ್ಚರ್ ರಿಪೋರ್ಟ್ ತರಲು ಮರೆಯುವವರೇ ಹೆಚ್ಚು. ದಯವಿಟ್ಟು ತನ್ನಿ.

ಎನ್‌ಟಿ-ಪ್ರೊಬಿಎನ್‌ಪಿ ಎಂಬ, ಹೃದಯದ ಸ್ನಾಯುವಿನ ಒತ್ತಡ ತೋರುವ ಪರೀಕ್ಷೆಯೂ ಕೆಲವು ಕಡೆ ಮಾಡುತ್ತಾರೆ. ಏರಿದ್ದರೆ ಅನುಮಾನಕ್ಕೆ ಬಲ ಬರುತ್ತದೆ, ಅಷ್ಟೇ. ಎಕೋ ಮಾತ್ರ ಬಿಡುವಂತಿಲ್ಲ. ಅದು ಕೂಡ ಮೊದಲ ವಾರದಲ್ಲಿ ಸರಿಯಿದೆ ಎಂದರೆ ಮುಂದೆಯೂ ಸರಿಯಿರುತ್ತದೆ ಎಂದಲ್ಲ; ಒಂದೆರಡು ವಾರಕ್ಕೆ ಮತ್ತೊಮ್ಮೆ, ನಾಲ್ಕರಿಂದ ಆರು ವಾರಕ್ಕೆ ಇನ್ನೊಮ್ಮೆ ಮಾಡುತ್ತಾರೆ.

ಬೇರೆ ನಾಳ, ಬೇರೆ ರಿಪೋರ್ಟು

ಕಾಲು, ಪೃಷ್ಠದ ಮೇಲೆ ನೇರಳೆ ಚುಕ್ಕೆ ಎದ್ದು, ಮಂಡಿ–ಕಣಕಾಲು ನೋವು, ಹೊಟ್ಟೆನೋವು ಬರುವ ಐಜಿಎ ವ್ಯಾಸ್ಕುಲೈಟಿಸ್ ಮಕ್ಕಳಲ್ಲಿ ಕವಾಸಾಕಿಯಷ್ಟೇ ಮುಖ್ಯ. ಹಳೆಯ ಹೆಸರು ಹೆನಾಕ್–ಶೋನ್‌ಲೈನ್. ಇಲ್ಲಿ ಪ್ಲೇಟ್‌ಲೆಟ್ ಎಣಿಸುವ ಉದ್ದೇಶವೇ ಬೇರೆ: ಚುಕ್ಕೆಗಳು ಪ್ಲೇಟ್‌ಲೆಟ್ ಕಡಿಮೆಯಾಗಿ ಬಂದವಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು. ಅದು ಮಾಮೂಲಿರುತ್ತದೆ ಅಥವಾ ಹೆಚ್ಚಿರುತ್ತದೆ. ರಕ್ತದ ಐಜಿಎ ಏರಿದ್ದರೂ ಏರದಿದ್ದರೂ ರೋಗನಿರ್ಣಯ ಬದಲಾಗುವುದಿಲ್ಲ, ಆ ಪರೀಕ್ಷೆಗೆ ದುಡ್ಡು ಸುರಿಯುವ ಅಗತ್ಯ ಸಾಮಾನ್ಯವಾಗಿ ಬೀಳದು. ಈ ಕಾಯಿಲೆಯ ನಿಜವಾದ ಪರೀಕ್ಷೆ ಅಗ್ಗದ್ದು, ಮೂತ್ರದ್ದು. ಕಿಡ್ನಿಗೆ ಏಟು ಬೀಳುವುದು ಚುಕ್ಕೆ ಮಾಸಿದ ಎಷ್ಟೋ ದಿನದ ಮೇಲೆ, ಆದ್ದರಿಂದ ಆರು ತಿಂಗಳವರೆಗೆ ಮೂತ್ರದಲ್ಲಿ ರಕ್ತ, ಪ್ರೋಟೀನು ಇದೆಯೇ ಎಂದು ನೋಡುತ್ತಿರಬೇಕು, ಬಿಪಿಯನ್ನೂ.

ಹರೆಯಕ್ಕೆ ಬರುತ್ತಿರುವ ಹುಡುಗಿಗೆ ತಿಂಗಳುಗಟ್ಟಲೆ ಸುಸ್ತು, ತಲೆನೋವು, ಏರಿದ ಬಿಪಿ, ಕಾರಣ ಸಿಗದ ಇಎಸ್‌ಆರ್ ಎಂದಾಗ ಮಹಾಪಧಮನಿಯ ಟಕಯಾಸು ಕಾಯಿಲೆ ನೆನಪಾಗಬೇಕು. ಅದಕ್ಕೂ ಖಚಿತ ರಕ್ತ ಪರೀಕ್ಷೆ ಇಲ್ಲ. ಎರಡೂ ಕೈಯ ನಾಡಿ ಹಿಡಿದು, ಎರಡೂ ಕೈ ಎರಡೂ ಕಾಲಿನ ಬಿಪಿ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಉಳಿದದ್ದು ಸ್ಕ್ಯಾನಿಗೆ. ಸಣ್ಣ ನಾಳಗಳ ಕೆಲವು ಕಾಯಿಲೆಗಳಲ್ಲಿ ಮಾತ್ರ ಎಎನ್‌ಸಿಎ ಎಂಬ ಪ್ರತಿಕಾಯದ ಪರೀಕ್ಷೆ ದಾರಿ ತೋರುತ್ತದೆ. ಮಕ್ಕಳಲ್ಲಿ ಅವು ತೀರ ವಿರಳ.

ಮನೆಯವರ ಕೈಲಿರುವ ಕೆಲಸ

ಜ್ವರ ಬಂದ ಮೊದಲ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅದೇ ಒಂದನೇ ದಿನ. ಕಣ್ಣು, ತುಟಿ, ಗಂಧೆ, ಅಂಗೈ ಏನೇ ಬದಲಾದರೂ ಬೆಳಕಿನಲ್ಲಿ ಒಂದು ಫೋಟೋ. ರಿಪೋರ್ಟುಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ ಒಯ್ಯಿರಿ. ಐದು ದಿನ ದಾಟಿದ ಜ್ವರದಲ್ಲಿ ಆ ಐದು ಲಕ್ಷಣಗಳಲ್ಲಿ ಎರಡು ಕಂಡಿದ್ದರೂ ಸಾಕು, "ಡಾಕ್ಟ್ರೇ, ಇದು ಕವಾಸಾಕಿ ಇರಬಹುದಾ?" ಎಂದು ಕೇಳಲು ಸಂಕೋಚ ಬೇಡ. ಕೂಸಿಗೆ ಕಾರಣ ಸಿಗದ ಜ್ವರ ಏಳು ದಿನವಾದರೆ ಲಕ್ಷಣವೇ ಇಲ್ಲದಿದ್ದರೂ ಕೇಳಿ. ದಿನ ಎಣಿಸುವುದು ಯಾಕೆಂದರೆ ಜ್ವರ ಶುರುವಾದ ಹತ್ತು ದಿನದೊಳಗೆ ಐವಿಐಜಿ ಸಿಗಬೇಕು. ಚಿಕಿತ್ಸೆಯಿಲ್ಲದೆ ಉಳಿದ ಮಕ್ಕಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕರೋನರಿ ನಾಳ ಊದುತ್ತದೆ, ಸಮಯಕ್ಕೆ ಸಿಕ್ಕಿದರೆ ಅದು ನೂರಕ್ಕೆ ನಾಲ್ಕರ ಆಸುಪಾಸಿಗೆ ಇಳಿಯುತ್ತದೆ. ಹತ್ತು ದಿನ ಮೀರಿದ ಮೇಲೂ ಜ್ವರ ಮತ್ತು ಉರಿಯೂತ ಮುಂದುವರಿದಿದ್ದರೆ ಕೊಡುತ್ತಾರೆ, ತಡವಾಯಿತೆಂದು ಕೈಚೆಲ್ಲಬೇಡಿ.

ಔಷಧದ ಲೆಕ್ಕ ತೂಕಕ್ಕೆ: ಕಿಲೋಗೆ 2 ಗ್ರಾಂ. ಪುಟ್ಟ ಹನ್ನೆರಡೂವರೆ ಕಿಲೋ, ಬೇಕಾದದ್ದು 25 ಗ್ರಾಂ, ಐದು ಗ್ರಾಮಿನ ಐದು ಸೀಸೆ. ಒಂದೊಂದು ಸೀಸೆ ಕೊಳ್ಳುವಾಗಲೂ ಅವನ ಅಪ್ಪನ ಮುಖ ಸಣ್ಣದಾಗುತ್ತಿತ್ತು, ಅಷ್ಟು ದುಬಾರಿ. ರಾತ್ರಿ ಒಂಬತ್ತಕ್ಕೆ ಶುರುವಾದ ಹನಿ ಬೆಳಿಗ್ಗೆ ಏಳರವರೆಗೆ ನಡೆಯಿತು. ಮರುದಿನ ಸಂಜೆಗೆ ಜ್ವರವಿಲ್ಲ, ಎಂಟು ದಿನದಲ್ಲಿ ಮೊದಲ ಬಾರಿ ಮೊಸರನ್ನ ಕೇಳಿ ತಿಂದ.

ಡಿಸ್ಚಾರ್ಜ್ ಆಗುವಾಗ ಐವಿಐಜಿ ಕೊಟ್ಟ ತಾರೀಖನ್ನು ಲಸಿಕೆ ಕಾರ್ಡಿನ ಮೇಲೂ ಬರೆಸಿಕೊಳ್ಳಿ. ಅದರಲ್ಲಿರುವ ಪ್ರತಿಕಾಯಗಳು ದಡಾರ, ಸೀತಾಳೆ ಸಿಡುಬಿನಂಥ ಜೀವಂತ ಲಸಿಕೆಗಳನ್ನು ನಿಷ್ಫಲ ಮಾಡುವುದರಿಂದ ಅವನ್ನು ಹನ್ನೊಂದು ತಿಂಗಳು ಮುಂದೂಡುತ್ತಾರೆ. ಕಡಿಮೆ ಪ್ರಮಾಣದ ಆಸ್ಪಿರಿನ್ ಕೆಲವು ವಾರ ಮುಂದುವರಿಯುತ್ತದೆ. ಆ ಅವಧಿಯಲ್ಲಿ ಮಗುವಿಗೆ ಫ್ಲೂ ಅಥವಾ ಸೀತಾಳೆ ಸಿಡುಬು ತಗುಲಿದರೆ, ತಗುಲಿದವರ ಜೊತೆ ಆಡಿದ್ದರೂ ಸರಿ, ತಕ್ಷಣ ವೈದ್ಯರಿಗೆ ತಿಳಿಸಬೇಕು. ಜ್ವರದ ಸಿರಪ್ಪಿನಲ್ಲಿ ಐಬುಪ್ರೊಫೆನ್ ಇದೆಯೇ ಎಂದು ಲೇಬಲ್ ಓದಿ. ಪ್ಯಾರಾಸಿಟಮಾಲ್ ಜೊತೆ ಬೆರೆಸಿದ ಸಿರಪ್ಪುಗಳೇ ಹೆಚ್ಚು ಸಿಗುತ್ತವೆ, ಐಬುಪ್ರೊಫೆನ್ ಆಸ್ಪಿರಿನ್ ಕೆಲಸಕ್ಕೆ ಅಡ್ಡ ಬರುತ್ತದೆ.

ಪುಟ್ಟನ ಮೂರನೇ ಎಕೋ ಆರನೇ ವಾರಕ್ಕೆ ಆಯಿತು, ಕರೋನರಿ ನಾಳ ಚೆನ್ನಾಗಿತ್ತು. ನಡುವೆ 7.9 ಲಕ್ಷಕ್ಕೆ ಏರಿದ್ದ ಪ್ಲೇಟ್‌ಲೆಟ್ 3.4 ಲಕ್ಷಕ್ಕೆ ಬಂದಿತ್ತು. ಅವತ್ತು ಸಂಜೆ ದೊಡ್ಡಮ್ಮನ ಫೋನು ಮತ್ತೆ ಬಂತು. ಈ ಸಲ ದನಿ ನಡುಗುತ್ತಿತ್ತು.

"ಅರ್ಧಕ್ಕರ್ಧ ಇಳಿದೈತಲ್ಲಪ್ಪ, ಡೆಂಗಿಗಿಂಗಿ ಬಂತೇನು ನೋಡು."